ಗಲ್ಲಾ ಪಕ್ಕದ ಪಾರ್ಸಲ್

ರಾಮದುರ್ಗದಲ್ಲಿ ನಮ್ಮದೊಂದು ಭಾಂಡೆ ಅಂಗಡಿ ಇದೆ. ಹತ್ತು ಫೂಟು ಅಗಲ, ಇಪ್ಪತ್ತು ಫೂಟು ಉದ್ದ. ಕೊಡ, ಚರಿಗೆ, ಗಂಗಾಳ, ಬೋಗಾಣಿ, ಪರಾತ, ಸವಟು, ಕುಕ್ಕರ್, ನಾಲ್ಕೈದು ಮಿಕ್ಸರ್. ಅಜ್ಜ ತಾಮ್ರ-ಹಿತ್ತಾಳೆ ಮಾರುತ್ತಿದ್ದ, ಅಪ್ಪ ಸ್ಟೀಲು ಮಾರುತ್ತಾನೆ. ಕೆಲ ವರ್ಷಗಳಿಂದ ಈ ಅಂಗಡಿಯಲ್ಲಿ ಇನ್ನೊಂದು ಬಗೆಯ ಸಾಮಾನೂ ಇರುತ್ತದೆ, ಅದು ಮಾರಾಟಕ್ಕಲ್ಲ. ಗಲ್ಲಾ ಪಕ್ಕದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ರಟ್ಟಿನ ಡಬ್ಬಿಗಳು. ಓಣಿಯವರ ಆನ್‌ಲೈನ್ ಪಾರ್ಸಲ್‌ಗಳು.

ಡೆಲಿವರಿ ಹುಡುಗ ಹನ್ನೊಂದರ ಸುಮಾರಿಗೆ ಬರುತ್ತಾನೆ. ಆ ಹೊತ್ತಿಗೆ ಓಣಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದಿರುತ್ತದೆ. "ಕಾಕಾ, ಇದೊಂದು ಇಟಗೊಳ್ರಿ, ಸಂಜೀಕ ಬಂದು ಒಯ್ತಾರ" ಎಂದು ಅಪ್ಪನ ಮುಂದೆ ಇಡುತ್ತಾನೆ. ಅಪ್ಪ ಫೋನ್ ಹಚ್ಚಿ ಅವರಿಂದ ಓಟಿಪಿ ಕೇಳಿ ಹುಡುಗನಿಗೆ ಹೇಳುತ್ತಾನೆ. ತನ್ನ ಗಿರಾಕಿಗಳನ್ನು ಕಸಿದುಕೊಂಡವರ ಸಾಮಾನನ್ನು ತಾನೇ ಕಾಯುತ್ತಾನೆ, ಕೂಲಿ ಇಲ್ಲದೆ.

ಕಳೆದ ಸಲ ಊರಿಗೆ ಹೋದಾಗ ಆ ರಾಶಿಯ ಮೇಲೆ ಒಂದು ಮಿಕ್ಸರ್ ಇತ್ತು. ಅದೇ ಕಂಪನಿಯ ಅದೇ ಮಾದರಿ ನಮ್ಮ ಕಪಾಟಿನಲ್ಲೂ ಧೂಳು ತಿನ್ನುತ್ತಿತ್ತು. ಮೊಬೈಲ್‌ನಲ್ಲಿ ದರ ನೋಡಿದೆ. ಅಪ್ಪ ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಿಂದ ತರುವ ದರಕ್ಕಿಂತ ಇನ್ನೂರು ರೂಪಾಯಿ ಕಡಿಮೆ. ಡಬ್ಬಿಯ ಮೇಲಿನ ಹೆಸರು ಹೊಳೆಯ ಕಡೆಯ ತಗ್ಗಿನ ಓಣಿಯ ಒಬ್ಬ ಅಕ್ಕನದು. ಆ ಹೆಸರು ನಮ್ಮ ಉದ್ರಿ ವಹಿಯಲ್ಲೂ ಇದೆ.

ನಾನು ಸಿಟ್ಟಿನಿಂದ ಅಪ್ಪನ ಮುಖ ನೋಡಿದೆ. ಅಪ್ಪ ಶಾಂತವಾಗಿ ಅಂದ: "ಆನ್‌ಲೈನ್‌ನವರು ಟ್ಯಾಕ್ಸ್ ಕಟ್ಟೂದಿಲ್ಲವಾ, ಅದಕ್ಕ ಅಗ್ಗ ಕೊಡತಾರ. ನಾವು ಕಟ್ಟಿ ಸಾಯ್ತೀವಿ."

ಈ ಮಾತು ಅಪ್ಪನೊಬ್ಬನದಲ್ಲ. ಬೈಲಹೊಂಗಲದ ಬಟ್ಟೆ ಅಂಗಡಿಯಲ್ಲಿ, ಸವದತ್ತಿಯ ಮೊಬೈಲ್ ಅಂಗಡಿಯಲ್ಲಿ, ಕಿತ್ತೂರಿನ ಚಪ್ಪಲಿ ಅಂಗಡಿಯಲ್ಲಿ, ತೊರಗಲ್ ಸೀಮೆಯ ಯಾವ ಬಜಾರಿನಲ್ಲಿ ಕೂತರೂ ಇದನ್ನು ಕೇಳಿದ್ದೇನೆ. ಪತ್ರಿಕೋದ್ಯಮ ಓದುವಾಗ ನಮಗೆ ಹೇಳಿಕೊಟ್ಟ ಮೊದಲ ಪಾಠ, ಹತ್ತು ಜನ ಹೇಳಿದ ಮಾತನ್ನೂ ಒಮ್ಮೆ ಪರಿಶೀಲಿಸಬೇಕು ಎಂಬುದು. ಪರಿಶೀಲಿಸಲು ಕೂತೆ. ಒಂದು ವಿಷಯ ಮೊದಲೇ ಒಪ್ಪಿಕೊಳ್ಳುತ್ತೇನೆ: ಆ ರಾಶಿಯ ಎರಡನೇ ಡಬ್ಬಿಯ ಮೇಲೆ ನನ್ನದೇ ಹೆಸರಿತ್ತು.

ಅಪ್ಪನ ಮಾತಿಗೆ ಒಂದು ಕಾಲದಲ್ಲಿ ಬುಡ ಇತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಶುರು ಮಾಡಿದ ಫ್ಲಿಪ್‌ಕಾರ್ಟ್, 2010ರಲ್ಲಿ ಸಾಮಾನು ಕೈಗೆ ಬಂದ ಮೇಲೆ ರೊಕ್ಕ ಕೊಡುವ ಪದ್ಧತಿ ತಂದಿತು. ಕಾರ್ಡು ಇಲ್ಲದ ನಮ್ಮಂಥ ಊರುಗಳಿಗೆ ಆನ್‌ಲೈನ್ ವ್ಯಾಪಾರ ಬರಲು ಅದು ದಾರಿ ಮಾಡಿತು. ಆಗ ವ್ಯಾಟ್ ಕಾಲ. ಹೊರರಾಜ್ಯದ ವ್ಯಾಪಾರಿ ನೇರವಾಗಿ ರಾಮದುರ್ಗದ ಗಿರಾಕಿಗೆ ಸಾಮಾನು ಕಳಿಸಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಆ ರೊಕ್ಕ ಸಾಮಾನು ಹೊರಟ ರಾಜ್ಯಕ್ಕೆ ಸೇರುತ್ತಿತ್ತು, ಸಾಮಾನು ಬಂದ ಕರ್ನಾಟಕಕ್ಕೆ ಏನೂ ಇಲ್ಲ. ಅಂದರೆ ಆಗಲೂ ತೆರಿಗೆ ಇತ್ತು, ಆದರೆ ನಮ್ಮ ರಾಜ್ಯಕ್ಕೆ ಬರುತ್ತಿರಲಿಲ್ಲ.

2014ರಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆಗೂ ಅಮೆಜಾನ್‌ಗೂ ತಕರಾರು ಬಂತು. ಬೆಂಗಳೂರಿನ ಹತ್ತಿರ ಆ ಕಂಪನಿಯ ಗೋದಾಮಿನಲ್ಲಿ ಬೇರೆ ಬೇರೆ ವ್ಯಾಪಾರಿಗಳು ಸಾಮಾನು ಇಟ್ಟು ಮಾರುತ್ತಿದ್ದರು. ತೆರಿಗೆ ಕಟ್ಟಬೇಕಾದವರು ಗೋದಾಮಿನವರೋ, ಸಾಮಾನಿನ ಒಡೆಯರೋ? ಕಂಪನಿಯೇ ಕಟ್ಟಬೇಕು ಎಂದಿತು ಇಲಾಖೆ. ನಾವು ಮಾರುವವರಲ್ಲ, ಮಾರುವವರಿಗೆ ಸೌಲಭ್ಯ ಕೊಡುವವರು ಎಂದಿತು ಕಂಪನಿ. ಇಬ್ಬರ ನಡುವೆ ಸಿಕ್ಕಿಕೊಂಡವರು ಆ ವ್ಯಾಪಾರಿಗಳು.

ಇದು ನಮ್ಮಲ್ಲಷ್ಟೇ ಆದ ಜಗಳವಲ್ಲ. ಅಮೆರಿಕದಲ್ಲಿ 1992ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಂತೆ, ತನ್ನ ನೆಲದಲ್ಲಿ ಅಂಗಡಿಯನ್ನೋ ಗೋದಾಮನ್ನೋ ಇಡದ ವ್ಯಾಪಾರಿಯಿಂದ ಯಾವ ರಾಜ್ಯವೂ ಮಾರಾಟ ತೆರಿಗೆ ವಸೂಲು ಮಾಡಿಸುವಂತಿರಲಿಲ್ಲ. ಅಲ್ಲಿಯ ಊರ ಅಂಗಡಿಗಳವರೂ ನಮ್ಮಪ್ಪನ ಮಾತನ್ನೇ ಆಡುತ್ತಿದ್ದರು, ಅವರ ಮಟ್ಟಿಗೆ ಅದು ನಿಜವೂ ಆಗಿತ್ತು. 2018ರ ಜೂನ್‌ನಲ್ಲಿ ಸೌತ್ ಡಕೋಟಾ ರಾಜ್ಯ ಹೂಡಿದ್ದ ಮೊಕದ್ದಮೆಯಲ್ಲಿ ಅದೇ ಕೋರ್ಟು ಆ ಹಳೆಯ ತೀರ್ಪನ್ನು ಬದಿಗೆ ಸರಿಸಿತು.

ನಮ್ಮಲ್ಲಿ ಅಷ್ಟರಲ್ಲಿ ಜಿಎಸ್‌ಟಿ ಬಂದಾಗಿತ್ತು. 2017ರ ಜುಲೈ 1ರಿಂದ ತೆರಿಗೆ ಸಾಮಾನು ಹೊರಟ ಊರನ್ನು ಬಿಟ್ಟು ಸಾಮಾನು ತಲುಪಿದ ಊರನ್ನು ಹಿಂಬಾಲಿಸುತ್ತದೆ. ದಿಲ್ಲಿಯ ವ್ಯಾಪಾರಿ ರಾಮದುರ್ಗಕ್ಕೆ ಮಿಕ್ಸರ್ ಕಳಿಸಿದರೂ ಶೇ. 18ರಷ್ಟು ತೆರಿಗೆ, ರಾಜ್ಯದ ಪಾಲು ಕರ್ನಾಟಕಕ್ಕೆ. ಮೇಲಾಗಿ 2018ರ ಅಕ್ಟೋಬರ್‌ನಿಂದ, ಆನ್‌ಲೈನ್ ಕಂಪನಿ ವ್ಯಾಪಾರಿಗೆ ರೊಕ್ಕ ಕೊಡುವ ಮೊದಲೇ ಶೇ. 1ರಷ್ಟನ್ನು ಹಿಡಿದು ಸರಕಾರಕ್ಕೆ ಕಟ್ಟಬೇಕಾಯಿತು. 2024ರ ಜುಲೈನಿಂದ ಅದು ಶೇ. 0.5. ಹೀಗಾಗಿ ಅಲ್ಲಿ ನಡೆದ ಪ್ರತಿ ಮಾರಾಟದ ಲೆಕ್ಕ ಸರಕಾರದ ಕೈಯಲ್ಲಿರುತ್ತದೆ. "ಬಿಲ್ ಬೇಕಾದ್ರ ಒಂದು ರೇಟು, ಬ್ಯಾಡಾದ್ರ ಇನ್ನೊಂದು" ಎಂಬ ಮಾತು ಕೇಳಿಬರುವುದು ಆನ್‌ಲೈನ್‌ನಲ್ಲಲ್ಲ, ನಮ್ಮ ಬಜಾರುಗಳಲ್ಲಿ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಹೇಳಬಾರದಿತ್ತೇನೋ ಅನಿಸಿತು. ಅವರು ಮೋಸ ಮಾಡುತ್ತಾರೆ, ಅದಕ್ಕೇ ನಾನು ಸೋಲುತ್ತಿದ್ದೇನೆ ಎಂಬುದು ಅವನಿಗೆ ಒಂದು ಸಮಾಧಾನವಾಗಿತ್ತು. ಅದನ್ನು ಮಗಳೇ ಕಸಿದುಕೊಂಡಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಹಂಗಾದ್ರ ನಾ ಯಾಕ ತುಟ್ಟಿ ಆಗೇನಿ?"

ಇದು ಮೊದಲಿನದಕ್ಕಿಂತ ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ಅಪ್ಪನ ಖರೀದಿ ಬಿಲ್ಲುಗಳನ್ನೇ ಹರಡಿಕೊಂಡು ಕೂತೆ.

ವ್ಯಾಟ್ ಕಾಲದಿಂದಲೂ ನೋಂದಣಿ ಇದ್ದುದರಿಂದ ಅಪ್ಪ ಜಿಎಸ್‌ಟಿಯ ಕಾಂಪೋಸಿಷನ್ ಪದ್ಧತಿಗೆ ಸೇರಿಕೊಂಡ. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯೊಳಗೆ ವಹಿವಾಟು ಇರುವ ವ್ಯಾಪಾರಿಗೆ ಇದು ಸುಲಭದ ದಾರಿ. ಮೂರು ತಿಂಗಳಿಗೊಮ್ಮೆ ಮಾರಾಟದ ಶೇ. 1ರಷ್ಟು ಕಟ್ಟಿದರೆ ಮುಗಿಯಿತು. ಆದರೆ ಸುಲಭಕ್ಕೂ ಬೆಲೆ ಇದೆ. 2025ರ ಸೆಪ್ಟೆಂಬರ್‌ವರೆಗೆ ಸಾವಿರ ರೂಪಾಯಿಯ ಸ್ಟೀಲು ತರುವಾಗ ಅಪ್ಪ ಶೇ. 12ರಂತೆ 120 ರೂಪಾಯಿ ತೆರಿಗೆ ಕೊಟ್ಟಿರುತ್ತಿದ್ದ. ದೊಡ್ಡ ವ್ಯಾಪಾರಿ ಅದನ್ನು ಮುಂದಿನ ಲೆಕ್ಕದಲ್ಲಿ ಕಳೆದುಕೊಳ್ಳುತ್ತಾನೆ. ಅಪ್ಪನಿಗೆ ಆ ಹಕ್ಕಿಲ್ಲ, ಅದು ಅಸಲಿನಲ್ಲೇ ಸೇರಿಹೋಗುತ್ತದೆ. ಬಿಲ್ಲಿನಲ್ಲಿ ತೆರಿಗೆ ತೋರಿಸುವಂತೆಯೂ ಇಲ್ಲ. ಹೀಗಾಗಿ ಜಿಎಸ್‌ಟಿ ನಂಬರು ಇರುವ ಒಂದು ಮಂಗಲ ಕಾರ್ಯಾಲಯದವರು, ಇಪ್ಪತ್ತು ವರ್ಷದ ಗಿರಾಕಿ, ಈಗ ಅಡುಗೆಯ ದೊಡ್ಡ ಬೋಗಾಣಿಗಳನ್ನೂ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಅಲ್ಲಿಯ ಬಿಲ್ಲಿನ ಮೇಲೆ ಅವರಿಗೆ ತೆರಿಗೆ ಮರಳಿ ಸಿಗುತ್ತದೆ. ಅವರದೇನೂ ತಪ್ಪಿಲ್ಲ.

2025ರ ಸೆಪ್ಟೆಂಬರ್ 22ರಂದು ಭಾಂಡೆಗಳ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ಊರಿಗೆಲ್ಲ ಸಂತೋಷ. ನಮ್ಮ ಕಪಾಟಿನಲ್ಲಿದ್ದದ್ದು ಮಾತ್ರ ಶೇ. 12 ಕೊಟ್ಟು ತಂದ ಸಾಮಾನು. ಅದೇ ವಾರ ಆನ್‌ಲೈನ್‌ನ ಹಬ್ಬದ ಸೇಲ್‌ಗಳೂ ಶುರುವಾದವು. ಗಿರಾಕಿಗಳು ಮೊಬೈಲ್ ತೋರಿಸಿ ಕೇಳಿದರು, ಅಪ್ಪ ಲುಕ್ಸಾನು ಮಾಡಿಕೊಂಡು ಕೊಟ್ಟ.

ನಾವೂ ಆನ್‌ಲೈನ್‌ನಲ್ಲಿ ಮಾರಬಹುದಲ್ಲ? 2023ರ ಸೆಪ್ಟೆಂಬರ್ ಮುಗಿಯುವವರೆಗೆ ಕಾಂಪೋಸಿಷನ್ ವ್ಯಾಪಾರಿ ಆನ್‌ಲೈನ್ ತಾಣಗಳ ಮೂಲಕ ಮಾರುವಂತೆಯೇ ಇರಲಿಲ್ಲ. ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾರಲು ಅನುಮತಿ ಸಿಕ್ಕಿತು. ನಾನೇ ಹುರುಪಿನಿಂದ ಫೋಟೋ ತೆಗೆದು ಒಂದು ತಾಣದಲ್ಲಿ ಹಾಕಿದೆ. ಮೊದಲ ತಿಂಗಳು ಹನ್ನೊಂದು ಆರ್ಡರ್ ಬಂದವು. ಕಮಿಷನ್, ಸಾಗಣೆ, ರಟ್ಟು, ಟೇಪು ಕಳೆದರೆ ಉಳಿದದ್ದು ಚಹಾದ ಖರ್ಚು. ಮೂರು ಕುಕ್ಕರ್ ವಾಪಸ್ ಬಂದವು. ಒಂದರ ತಳದಲ್ಲಿ ಬ್ಯಾಳಿ ಹೊತ್ತಿದ ಕಲೆ ಇತ್ತು. ಅದನ್ನು ತಾಣದವರಿಗೆ ಹೇಳಿದ್ದು ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡಂತಾಯಿತು. ಮೂರು ತಿಂಗಳಿಗೆ ನಿಲ್ಲಿಸಿದೆವು.

ಇಷ್ಟಾದರೂ ಆ ಇನ್ನೂರು ರೂಪಾಯಿಯ ಲೆಕ್ಕ ಹೊಂದುವುದಿಲ್ಲ. ಅಪ್ಪನ ಖರೀದಿ ದರಕ್ಕಿಂತ ಅಗ್ಗವಾಗಿ ಮಾರಬೇಕಾದರೆ ಒಂದೋ ಕಂಪನಿಯಿಂದ ರಾಶಿಗಟ್ಟಲೆ ಖರೀದಿ ಮಾಡಿರಬೇಕು, ಇಲ್ಲವೇ ವರ್ಷಾನುಗಟ್ಟಲೆ ಲುಕ್ಸಾನು ತಡೆಯುವ ಬಂಡವಾಳ ಬೆನ್ನಿಗಿರಬೇಕು. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿದ್ದು ಇದರ ಬಗ್ಗೆಯೇ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ತಮಗೆ ಬೇಕಾದ ಕೆಲವೇ ಮಾರಾಟಗಾರರನ್ನು ಮುಂದೆ ಮಾಡುತ್ತವೆ, ವಿಪರೀತ ರಿಯಾಯಿತಿ ಕೊಡುತ್ತವೆ ಎಂಬುದು ದಿಲ್ಲಿಯ ವ್ಯಾಪಾರಿ ಸಂಘವೊಂದರ ದೂರು. ಎರಡೂ ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. ಫೆಬ್ರವರಿಯಲ್ಲಿ ತಡೆ ಸಿಕ್ಕಿತು, 2021ರ ಜೂನ್‌ನಲ್ಲಿ ಅರ್ಜಿಗಳು ವಜಾ ಆದವು. ಈ ಪ್ರಶ್ನೆ ತೆರಿಗೆ ಕಚೇರಿಯದಲ್ಲ, ಸ್ಪರ್ಧೆಯ ಕಾನೂನಿನದು. ಬಜಾರಿನಲ್ಲಿ ಕೂತು ಟ್ಯಾಕ್ಸ್ ಎಂದು ಕೂಗುವವರೆಗೂ ನಾವು ಬೇರೆಯದೇ ಬಾಗಿಲು ಬಡಿಯುತ್ತಿರುತ್ತೇವೆ.

ಇನ್ನು ಆ ಉದ್ರಿ ವಹಿಯ ಮಾತು.

2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ನೀರಿಳಿದು ಮನೆಗೆ ಮರಳಿದಾಗ ಅಡುಗೆಗೆ ಒಂದು ಬೋಗಾಣಿಯೂ ಇರಲಿಲ್ಲ. ಸರಕಾರದ ಹತ್ತು ಸಾವಿರ ರೂಪಾಯಿ ಪರಿಹಾರ ಕೈಗೆ ಬರುವ ಮೊದಲೇ ಅಪ್ಪ ಕೊಡ, ಗಂಗಾಳ, ಚರಿಗೆ, ಸವಟು ಕೊಟ್ಟು ವಹಿಯಲ್ಲಿ ಬರೆದುಕೊಂಡ. ಬಹಳಷ್ಟು ಜನ ಮುಂದಿನ ಎರಡು ಸುಗ್ಗಿಗಳಲ್ಲಿ ತೀರಿಸಿದರು. ತೀರದೆ ಉಳಿದದ್ದು 38 ಸಾವಿರ ರೂಪಾಯಿ. ಜಿಎಸ್‌ಟಿಯಲ್ಲಿ ತೆರಿಗೆ ಬೀಳುವುದು ಸಾಮಾನು ಕೊಟ್ಟಾಗ, ರೊಕ್ಕ ಬಂದಾಗ ಅಲ್ಲ. ಬಾರದ ಉದ್ರಿಗೆ ವಿನಾಯಿತಿಯೂ ಇಲ್ಲ. ಆ 38 ಸಾವಿರದ ಮೇಲೆ ಅಪ್ಪ 380 ರೂಪಾಯಿ ಕಟ್ಟಿದ್ದಾನೆ. ಸಣ್ಣ ಮೊತ್ತ, ನಿಜ. ಆದರೆ ಅಂಗಡಿ ಮಾಡುವ ಯಾವ ಕೆಲಸ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದನ್ನು ಇದು ತೋರಿಸುತ್ತದೆ. ಎರಡೂ ಕಡೆ ತೆರಿಗೆ ಒಂದೇ ಇರಬಹುದು, ಆದರೆ ನೆರೆ ಬಂದ ವಾರ ಯಾವ ತಾಣವೂ ವಹಿಯಲ್ಲಿ ಬರೆದುಕೊಂಡು ಕೊಡ ಕೊಡುವುದಿಲ್ಲ.

ಹಾಗೆಂದು ನಾನು ಓಣಿಯವರನ್ನು ದೂರಲಾರೆ. ನನ್ನ ಡಬ್ಬಿಯಲ್ಲಿ ಇದ್ದದ್ದು ಒಳಉಡುಪು. ಊರಿನ ಅಂಗಡಿಯಲ್ಲಿ ಪರಿಚಯದ ಗಂಡಸರ ಮುಂದೆ ನಿಂತು ಅಳತೆ ಹೇಳುವ ಕಷ್ಟ ಏನೆಂದು ಹೆಣ್ಣುಮಕ್ಕಳಿಗೆ ಗೊತ್ತು. ಅಂಗಡಿಗೆ ಹೋದರೆ ಯಾರ ಮನೆಯವರು, ಎಂಥವರು ಎಂದು ನೋಡಿ ಮಾತಾಡಿಸುವುದನ್ನೂ ಕಂಡಿದ್ದೇನೆ. ಮೊಬೈಲ್ ಯಾರ ಮುಖವನ್ನೂ ನೋಡುವುದಿಲ್ಲ. ಬಜಾರು ಇದನ್ನು ತಿದ್ದಿಕೊಳ್ಳದೆ ಬರೀ ಊರಭಿಮಾನದ ಮೇಲೆ ಗಿರಾಕಿಯನ್ನು ಕರೆಯಲಾಗದು.

ಅಪ್ಪ ಈಗ ಮಿಕ್ಸರ್ ತರುವುದು ಕಡಿಮೆ ಮಾಡಿದ್ದಾನೆ. ಅದರ ಬದಲು ಕುಕ್ಕರಿನ ರಬ್ಬರು, ಸೀಟಿ, ಹಿಡಿಕೆ, ಮಿಕ್ಸರಿನ ಬ್ಲೇಡು ಇಡುತ್ತಾನೆ. ಆಯೇರಿಗೆ ಒಯ್ಯುವ ಭಾಂಡೆಗಳ ಮೇಲೆ ಹೆಸರು ಕೊರೆದು ಕೊಡುತ್ತಾನೆ. ಇದರಿಂದ ಅಂಗಡಿ ಎಷ್ಟು ವರ್ಷ ನಡೆಯುತ್ತದೆ ಎಂದು ಅವನೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಆ ಸಂಜೆ ತಗ್ಗಿನ ಓಣಿಯ ಅಕ್ಕ ಬಂದಳು. ಡಬ್ಬಿಯನ್ನು ಅಂಗಡಿಯಲ್ಲೇ ಬಿಚ್ಚಿದಳು. "ಸಾವಕಾರ್ರ, ಒಂದೀಟು ಹಚ್ಚಿ ನೋಡ್ರಿ, ನಿಮಗ ಗೊತ್ತಾಗತೈತಿ." ಅಪ್ಪ ಪ್ಲಗ್ ಹಾಕಿ ಮಿಕ್ಸರ್ ತಿರುಗಿಸಿದ, ಜಾರು ಕೂರಿಸುವುದನ್ನು ತೋರಿಸಿದ, ಬಿಲ್ಲು ಜೋಪಾನವಾಗಿಡು ಅಂದ. ಹೋಗುವಾಗ ಅವಳೇ ಅಂದಳು: "ಹಿಂದಿಂದು ಸುಗ್ಗ್ಯಾಗ ಕೊಡತೇನ್ರಿ." ಅಪ್ಪ, "ಆಗಲಿ ಬಿಡವಾ" ಅಂದ.

ಅವಳು ಹೋದ ಮೇಲೆ ನಾನು ಕೇಳಿದೆ: "ಡಬ್ಬಿ ಕೊಡೂ ಮೊದಲ ಕೇಳಬೇಕಿಲ್ಲೊ ಅಪ್ಪಾ?"

"ಅಕಿ ಸಾಮಾನು ಹಿಡಕೊಂಡು ಕೇಳಿದ್ರ ಅದು ವಸೂಲಿ ಆಗತೈತಿ. ನಾ ಕೊಟ್ಟಿದ್ದು ಉದ್ರಿ." ಗಲ್ಲಾ ಮುಚ್ಚಿ ಎದ್ದು, ಉಳಿದ ರಾಶಿಯ ಕಡೆ ಕೈ ಮಾಡಿದ. "ನಿಂದೂ ಒಂದು ಬಂದೈತಿ ನೋಡವಾ. ಮೂರು ದಿನ ಆತು, ಒಯ್ಯಿ."