ಹುದುಗು ಬರುವ ತನಕ

ಬೇಸಿಗೆಯಲ್ಲಿ ಹೊಸಪೇಟೆಯ ಅಡುಗೆಮನೆಗಳಲ್ಲಿ ದೋಸೆ ಹಿಟ್ಟಿಗೆ ಇಡೀ ರಾತ್ರಿ ಬೇಕಿಲ್ಲ. ಮಾಗಿಯ ಚಳಿಯಲ್ಲಾದರೆ ಬೆಳಗಾದರೂ ಅದು ಏಳುವುದಿಲ್ಲ. ‘ಇನ್ನೂ ಹುದುಗು ಬಂದಿಲ್ಲ’ ಎಂದು ತಾಯಂದಿರು ಪಾತ್ರೆಯನ್ನು ಒಲೆಯ ಬದಿಗೆ ಸರಿಸುತ್ತಾರೆ. ಹಿಟ್ಟನ್ನು ಬೈಯುವುದಿಲ್ಲ, ಪಕ್ಕದ ಮನೆಯ ಹಿಟ್ಟಿನೊಂದಿಗೆ ಹೋಲಿಸುವುದೂ ಇಲ್ಲ!

ಕನ್ನಡದ ‘ಹುದುಗು’ ಎಂಬ ಮಾತಿಗೆ ಎರಡು ಅರ್ಥ. ಒಂದು, ಉಬ್ಬಿ ಹುಳಿಯಾಗುವುದು, ಇನ್ನೊಂದು, ಅಡಗಿರುವುದು. ವಿಜ್ಞಾನ ಪುಸ್ತಕದ ‘ಹುದುಗುವಿಕೆ’ ಮೊದಲನೆಯದು. ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರ ಸಕ್ಕರೆಯನ್ನು ಮದ್ಯಸಾರವಾಗಿ, ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ. ದೋಸೆ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳ ಪಾಲೇ ಹೆಚ್ಚು. ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಸ್ಚರ್ 1857ರಲ್ಲಿ ತೋರಿಸಿದರು. ಕಂಪ್ಲಿಯ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಸುರಿಯುವುದೂ ಇದಕ್ಕೇ. ಬಿಟ್ಟರೆ ಹುದುಗಿ ಬೆಲ್ಲ ಕೆಡುತ್ತದೆ.

ಎರಡನೆಯ ಅರ್ಥಕ್ಕೂ ಈ ಸೀಮೆಯೇ ಸಾಕ್ಷಿ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಹುದುಗಿದೆ. ಹಂಪಿಯ ಮಣ್ಣಿನಲ್ಲಿ ವಿಜಯನಗರ ಹುದುಗಿತ್ತು. ಎರಡನ್ನೂ ಅಗೆದರು. ಆದರೆ ಅಗೆದ ಬಗೆ ಬೇರೆ. ಅದಿರಿನ ಆತುರ ಎಷ್ಟಾಯಿತೆಂದರೆ, 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಹಂಪಿಯಲ್ಲೋ, 1980ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಮೆಟ್ಟಿಲು ಪುಷ್ಕರಣಿಯನ್ನು ಪದರ ಪದರವಾಗಿ ಮಣ್ಣು ಸರಿಸಿ ತೆಗೆದರು. ಕಲ್ಲುಗಳ ಮೇಲೆ ಕುಶಲಕರ್ಮಿಗಳು ಕೊರೆದಿದ್ದ ಗುರುತುಗಳು ಇಂದಿಗೂ ಕಾಣುತ್ತವೆ.

‘ಮಗುವಿನಲ್ಲಿ ಪ್ರತಿಭೆ ಹುದುಗಿದೆ’ ಎನ್ನುವ ತಂದೆತಾಯಿಗಳು ಇವೆರಡರಲ್ಲಿ ಯಾವ ದಾರಿ ಹಿಡಿಯುತ್ತಾರೆ? ಟ್ಯೂಷನ್ ಮೇಲೆ ಟ್ಯೂಷನ್ ಹೇರುವುದು ಗಣಿಯ ದಾರಿ. ಹಾಗೆಂದು ಕೈಕಟ್ಟಿ ಕೂರುವುದೂ ಅಲ್ಲ. ಬೇಳೆ ನೆನೆಯಬೇಕು, ಹದವಾಗಿ ರುಬ್ಬಬೇಕು, ಬೆಚ್ಚಗಿನ ಜಾಗ ಸಿಗಬೇಕು. ಬೆಚ್ಚಗಿನ ಜಾಗ ಹೆತ್ತವರದು. ನೆನೆಯುವ, ರುಬ್ಬಿಕೊಳ್ಳುವ ಶ್ರಮ ವಿದ್ಯಾರ್ಥಿಯದೇ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ಈ ಎರಡು ಅರ್ಥಗಳೂ ಒಂದಾಗಿಬಿಡುತ್ತವೆ. ಅಂಕಪಟ್ಟಿಯನ್ನು ಪುಸ್ತಕದ ನಡುವೆ ಬಚ್ಚಿಟ್ಟ ಹುಡುಗ ಅದರ ಜೊತೆಗೆ ತನ್ನ ಭಯವನ್ನೂ ಬಚ್ಚಿಡುತ್ತಾನೆ. ಬಚ್ಚಿಟ್ಟ ಭಯ ಸುಮ್ಮನೆ ಕೂರುವುದಿಲ್ಲ. ಒಳಗೇ ಹುದುಗಿ, ಉಬ್ಬಿ, ಹುಳಿಯಾಗುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಹಿಟ್ಟು ಉಬ್ಬಿದರೆ ಮುಚ್ಚಳವೇ ಹಾರುವುದು ಎಲ್ಲ ತಾಯಂದಿರಿಗೂ ಗೊತ್ತು. ಅದಕ್ಕೇ ಅವರು ಮುಚ್ಚಳವನ್ನು ಸಡಿಲವಾಗಿ ಇಡುತ್ತಾರೆ. ಮಕ್ಕಳು ಬಾಯಿಬಿಟ್ಟು ಹೇಳಿಕೊಳ್ಳಲು ಮನೆಯಲ್ಲೂ ಅಷ್ಟು ಸಡಿಲ ಇದ್ದರೆ ಸಾಕು.