ಹೇಳಿದರೆ ನಾಚಿಕೆ, ಹೇಳದಿದ್ದರೆ ಕಷ್ಟ

ಸಂಸಾರಸ್ಥರು ಓದುವ ಪತ್ರಿಕೆಯಲ್ಲಿ ಪಾಯಖಾನೆಯ ವಿಷಯ ಬರೆಯಬಹುದೇ ಎಂದು ನಾವು ಗಂಡಹೆಂಡಿರಿಬ್ಬರೂ ನಾಲ್ಕು ದಿನ ಚರ್ಚೆ ಮಾಡಿದೆವು. ಕೂಡದೆಂದು ಒಬ್ಬರು, ಬರೆಯಲೇಬೇಕೆಂದು ಇನ್ನೊಬ್ಬರು. ಕೊನೆಗೆ ಹೆಂಗಸಾದವರ ಮಾತೇ ನಡೆಯಿತು. ನಮ್ಮ ಮನೆಯಲ್ಲಿ ಅದೇನೂ ಹೊಸತಲ್ಲ. ಊಟಕ್ಕೆ ಕುಳಿತಿರುವ ಓದುಗರು ಮಾತ್ರ ಊಟ ಮುಗಿಸಿ ಕೈತೊಳೆದು ಮುಂದೆ ಓದಬೇಕಾಗಿ ವಿನಂತಿ.

ನಾವು ಉಡುಪಿಯ ಕಡೆಯವರು. ಕಳಂಬೋಲಿಗೆ ಬಂದು ಮೂವತ್ತು ವರ್ಷ ದಾಟಿತು. ಉಕ್ಕಿನ ಮಾರುಕಟ್ಟೆಯ ಲಾರಿಗಳ ಸದ್ದಿನಲ್ಲಿಯೇ ನಮ್ಮ ಮಕ್ಕಳು ಓದಿ ದೊಡ್ಡವರಾದರು. ಪಕ್ಕದ ಖಾರ್ಘರಿನಲ್ಲಿ ಟಾಟಾ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಪರೇಲಿನಲ್ಲಿ 1941ರಲ್ಲಿ ತೆರೆದ ಅದರ ಹಿರಿಯ ಆಸ್ಪತ್ರೆಯಿದೆ. ಆದ್ದರಿಂದ ಊರಿನಲ್ಲಿ ಯಾರಿಗೆ ಈ ಕಾಯಿಲೆ ಬಂದರೂ ನಮ್ಮ ಮನೆಯ ವಿಳಾಸ ಕೇಳಿಕೊಂಡು ಬರುವುದುಂಟು. ಹೊರಕೋಣೆಯ ಮಂಚ ಖಾಲಿ ಇದ್ದ ದಿನಗಳೇ ಕಡಿಮೆ. ಬಂದವರಿಗೆಲ್ಲ ಗಂಜಿ ಬೇಯಿಸಿ ಹಾಕಿ ಧೈರ್ಯ ಹೇಳುತ್ತಿದ್ದ ನಮಗೆ, ಧೈರ್ಯ ಹೇಳುವುದು ಎಷ್ಟು ಸುಲಭ, ತಂದುಕೊಳ್ಳುವುದು ಎಷ್ಟು ಕಷ್ಟ ಎಂಬುದು ಸರದಿ ನಮ್ಮದಾದಾಗಲೇ ತಿಳಿಯಿತು.

ನಮ್ಮಲ್ಲಿ ಗಂಡಸಾದವರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮೂತ್ರಕೋಶದ ಕೆಳಗೆ ಕುಳಿತಿರುವ, ಅಕ್ರೋಟಿನಷ್ಟು ದೊಡ್ಡ ಗ್ರಂಥಿ ಅದು. ವೈದ್ಯರು ಕಿರಣ ಚಿಕಿತ್ಸೆ ಸಾಕೆಂದರು. ವಾರಕ್ಕೆ ಐದು ದಿನ, ನಾಲ್ಕು ವಾರ, ಒಟ್ಟು ಇಪ್ಪತ್ತು ಸಲ. ಕಿರಣ ಬೀಳುವಾಗ ಮೂತ್ರಕೋಶ ತುಂಬಿರಬೇಕು, ಮಲಾಶಯ ಬರಿದಾಗಿರಬೇಕು. ಹಾಗಾಗಿ ಕಾಯುವ ಕೋಣೆಯಲ್ಲಿ ಐದಾರು ಮಂದಿ ಮುದುಕರು ನೀರಿನ ಬಾಟಲಿ ಹಿಡಿದು, ಕಾಲಮೇಲೆ ಕಾಲು ಹಾಕಿ, ಪರೀಕ್ಷೆಗೆ ಬಂದ ಹುಡುಗರಂತೆ ಕುಳಿತಿರುತ್ತಿದ್ದರು. ನಗುವಂತಿಲ್ಲ, ನಕ್ಕರೆ ಅಪಾಯ!

ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರದಲ್ಲಿ ಹೊಟ್ಟೆ ಹದಗೆಟ್ಟಿತು. ದಿನಕ್ಕೆ ಆರೇಳು ಸಲ, ಅದೂ ಹೇಳದೆ ಕೇಳದೆ. ಹೋಗಿ ಬಂದರೂ ಇನ್ನೂ ಹೋಗಬೇಕೆಂಬ ಭಾವನೆ. ಇದಕ್ಕೆ ಕಾರಣ ಸರಳವಾದುದು. ಗ್ರಂಥಿಗೆ ಬೆನ್ನು ಹಚ್ಚಿಯೇ ಮಲಾಶಯವಿದೆ. ಎಷ್ಟು ಎಚ್ಚರದಿಂದ ಗುರಿಯಿಟ್ಟರೂ ಅದರ ಮುಂಗೋಡೆಗೆ ಸ್ವಲ್ಪ ಕಿರಣ ತಗಲದೆ ಇರದು. ವೈದ್ಯರು ಬರೆದುಕೊಟ್ಟ ಮಾತ್ರೆಯ ಜೊತೆಗೆ ಅಡಿಗೆಮನೆಯೂ ಕೆಲಸ ಮಾಡಿತು. ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ ಅಕ್ಕಿಯ ಗಂಜಿ, ಉಪ್ಪು ಹಾಕಿದ ನೀರುಮಜ್ಜಿಗೆ, ಬಾಳೆಹಣ್ಣು. ಖಾರ, ಕಡಲೆ, ಹಸಿ ತರಕಾರಿ, ಕರಿದ ತಿಂಡಿಗಳಿಗೆ ರಜೆ. ಹಾಲು ಕುಡಿದರೆ ಹೆಚ್ಚಾಗುತ್ತಿತ್ತು, ಅದನ್ನೂ ಬಿಟ್ಟೆವು. ಕಾಫಿ ಬಿಡುವಾಗ ಮಾತ್ರ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ಚಿಕಿತ್ಸೆ ಮುಗಿದು ಐದಾರು ವಾರಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ಗೆದ್ದೆವೆಂದುಕೊಂಡೆವು.

ನಿಜವಾದ ಕಥೆ ಆರಂಭವಾಗುವುದು ಆಮೇಲೆ. ಒಂದು ವರ್ಷ ಕಳೆದು ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರಕ್ತ ಕಂಡಿತು. ನೋವಿಲ್ಲ, ಬರಿಯ ರಕ್ತ. ಕಂಡವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಯಿಲೆ ಮರಳಿ ಬಂತೆಂದು ತಾವೇ ತೀರ್ಮಾನಿಸಿಕೊಂಡರು. ಹೇಳಿದರೆ ಮನೆಯವಳು ಹೆದರುವಳು, ಮಗಳು ಬೆಂಗಳೂರಿನಿಂದ ಓಡಿ ಬರುವಳು. ಗೆಳೆಯರೊಬ್ಬರು ಮೂಲವ್ಯಾಧಿ ಇರಬೇಕೆಂದರೆಂದು ಅಂಗಡಿಯಿಂದ ಮುಲಾಮು ತಂದು ಬೀರುವಿನ ಹಿಂದೆ ಬಚ್ಚಿಟ್ಟರು. ಸಂಘದ ಸಭೆಗೆ ಹೋಗುವುದನ್ನು ಬಿಟ್ಟರು. ಮಾನಸರೋವರ ನಿಲ್ದಾಣದಿಂದ ಕುರ್ಲಾ, ಅಲ್ಲಿ ಗಾಡಿ ಬದಲಿಸಿ ಮಾಟುಂಗಾ ಎಂದರೆ ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಲೋಕಲ್ ಗಾಡಿಯಲ್ಲಿ ಪಾಯಖಾನೆಯಿಲ್ಲವೆಂಬುದನ್ನು ನಾವು ಮೂವತ್ತು ವರ್ಷ ಗಮನಿಸಿಯೇ ಇರಲಿಲ್ಲ. ಈಗ ಅದೊಂದೇ ಯೋಚನೆ. ಕೇಳಿದರೆ, “ಮಂಡಿನೋವು” ಎಂಬ ಉತ್ತರ.

ಎರಡು ತಿಂಗಳ ಮೇಲೆ ಗುಟ್ಟು ರಟ್ಟಾದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಯಂತ್ರ ಕೆಟ್ಟಿತ್ತು, ಕೈಯಲ್ಲೇ ಒಗೆಯಬೇಕಾಯಿತು. ನಲವತ್ತು ವರ್ಷ ಜೊತೆಯಲ್ಲಿ ಬಾಳಿದವರು ಆ ದಿನ ಒಬ್ಬರ ಮುಖ ಒಬ್ಬರು ನೋಡಲಾರದೆ ಕುಳಿತೆವು. “ಊರವರಿಗೆಲ್ಲ ಧೈರ್ಯ ಹೇಳಿದವರು ನನಗೊಂದು ಮಾತು ಹೇಳಲಿಲ್ಲವೇ?” ಎಂದಿಷ್ಟೇ ಆದದ್ದು. ಮರುದಿನ ಇಬ್ಬರೂ ವೈದ್ಯರ ಮುಂದಿದ್ದೆವು.

ಕೊಳವೆ ಹಾಕಿ ಕರುಳನ್ನು ಪೂರ್ತಿ ನೋಡಿದರು. ಕ್ಯಾನ್ಸರ್ ಮರಳಿರಲಿಲ್ಲ. ಕಿರಣ ತಗಲಿದ ಕಡೆ ಹಳೆಯ ರಕ್ತನಾಳಗಳು ಬಾಡಿ, ಅವುಗಳ ಬದಲು ಎಳೆಯ, ತೆಳುವಾದ ನಾಳಗಳು ಹುಟ್ಟಿಕೊಳ್ಳುತ್ತವಂತೆ. ಗಟ್ಟಿ ಮಲ ಉಜ್ಜಿದರೆ ಸಾಕು, ಒಡೆದು ರಕ್ತ ಒಸರುತ್ತವೆ. ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ಇದು ಕಾಣಿಸಿಕೊಳ್ಳಬಹುದು. ಹಾಗೆಂದು ರಕ್ತ ಕಂಡವರೆಲ್ಲ ಇದೇ ಎಂದು ಸುಮ್ಮನಿರಲಾಗದು. ಕರುಳಿನಲ್ಲಿ ಬೇರೆ ಗಡ್ಡೆಯಿದ್ದರೂ ರಕ್ತ ಬರುವುದುಂಟು, ನೋಡಿಯೇ ತೀರ್ಮಾನಿಸಬೇಕು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಬೇರೆ ಯಾವ ವೈದ್ಯರ ಬಳಿ ಹೋದರೂ ಕಿರಣ ಚಿಕಿತ್ಸೆಯಾಗಿದೆಯೆಂದು ಮೊದಲು ಹೇಳಬೇಕು. ಮಲಾಶಯದ ಆ ಗೋಡೆಯಿಂದ ಪರೀಕ್ಷೆಗೆಂದು ತುಣುಕು ತೆಗೆದರೆ ಗಾಯ ಮಾಯುವುದು ಕಷ್ಟ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು.

ಸ್ವಲ್ಪವೇ ರಕ್ತವಾದರೆ ಅನೇಕರಿಗೆ ಔಷಧವೇ ಬೇಡ, ಕಾಲಕ್ರಮದಲ್ಲಿ ತಾನೇ ನಿಲ್ಲುತ್ತದೆ. ನಮಗೆ ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಔಷಧವನ್ನು ಎನಿಮಾ ರೂಪದಲ್ಲಿ ದಿನಕ್ಕೆರಡು ಸಲ ಕೊಟ್ಟರು. ಅದಕ್ಕೂ ಬಗ್ಗದಿದ್ದರೆ ಆರ್ಗಾನ್ ಅನಿಲದ ನೆರವಿನಿಂದ ಆ ನಾಳಗಳನ್ನು ಸುಡುವುದುಂಟು. ಹೆಚ್ಚಿದ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಕೂರಿಸುವ ಚಿಕಿತ್ಸೆಯೂ ಉಂಟು. ನಮಗೆ ಅವುಗಳ ಅಗತ್ಯ ಬೀಳಲಿಲ್ಲ. ರಾತ್ರಿ ಇಸಬ್ಗೋಲು, ಬೇಕಾದಷ್ಟು ನೀರು, ಮುಕ್ಕದಿರುವ ಅಭ್ಯಾಸ, ಆಗಾಗ ರಕ್ತಪರೀಕ್ಷೆ, ಇಷ್ಟರಿಂದಲೇ ಮೂರು ತಿಂಗಳಲ್ಲಿ ರಕ್ತ ಬಹಳ ಕಡಿಮೆಯಾಯಿತು. ಈಗಲೂ ಎಂದಾದರೊಮ್ಮೆ ಕಾಣಿಸುತ್ತದೆ. ಆದರೆ ಈಗ ಅದು ಇಬ್ಬರಿಗೂ ತಿಳಿದ ಸಂಗತಿ.

ಅವಸರವೆಂಬುದು ಮಾತ್ರ ಪೂರ್ತಿ ಹೋಗಿಲ್ಲ. ಅದರೊಡನೆ ಒಪ್ಪಂದ ಮಾಡಿಕೊಂಡಿದ್ದೇವೆ. ಬೆಳಗಿನ ತಿಂಡಿಯಾಗಿ ಒಂದು ಗಂಟೆ ಕಳೆಯದೆ ಹೊರಡುವುದಿಲ್ಲ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರು, ಕಾಗದ, ಒಂದು ಪ್ಲಾಸ್ಟಿಕ್ ಚೀಲ. ಗಾಡಿಯಲ್ಲಿ ಬಾಗಿಲ ಬಳಿ ನಿಲ್ಲುತ್ತೇವೆ. ಬೇಕಾದರೆ ನಡುವೆ ಇಳಿದು ಮುಂದಿನ ಗಾಡಿ ಹಿಡಿಯುತ್ತೇವೆ. ಯಾರ ಮದುವೆಗೆ ಹೋದರೂ ವಧೂವರರಿಗಿಂತ ಮೊದಲು ನೋಡುವುದು ಪಾಯಖಾನೆಯ ದಾರಿಯನ್ನು!

ಕಳೆದ ಸಲದ ಸಂಘದ ಕಾರ್ಯಕ್ರಮಕ್ಕೆ ಎರಡು ವರ್ಷಗಳ ಮೇಲೆ ಮೊದಲ ಬಾರಿಗೆ ಹೋದೆವು. ಕೊನೆಯ ಸಾಲು, ಕೊನೆಯ ಕುರ್ಚಿ. ನಡುವೆ ಒಮ್ಮೆ ಎದ್ದು ಹೋಗಿ ಬಂದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ನಿಮಗೂ ಇದೆಯೇ?” ಎಂದು ಮೆಲ್ಲನೆ ಕೇಳಿದರು. ಅವರದೂ ಅದೇ ಕಿರಣ, ಅದೇ ರಕ್ತ. ಯಾರಿಗೂ ಹೇಳಿರಲಿಲ್ಲ. ವೇದಿಕೆಯ ಮೇಲೆ ಭಾಷಣ ನಡೆಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ನಮ್ಮ ಮೂವರ ಭಾಷಣ ನಡೆಯಿತು. ಮರುವಾರವೇ ವೈದ್ಯರಿಗೆ ತೋರಿಸುವುದಾಗಿ ಅವರು ಮಾತು ಕೊಟ್ಟರು.

ಅವರಂತೆ ಇನ್ನೆಷ್ಟು ಮಂದಿ ಬೀರುವಿನ ಹಿಂದೆ ಮುಲಾಮು ಬಚ್ಚಿಟ್ಟುಕೊಂಡಿದ್ದಾರೋ ಎಂದುಕೊಂಡೇ ನಾಚಿಕೆ ಬಿಟ್ಟು ಇಷ್ಟು ಬರೆದೆವು.