ಟಿಕೆಟ್ಟಿನ ಒಂದು ಗಂಟೆ

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಟಿಕೆಟ್ಟಿನಲ್ಲಿ ಒಂದು ಗಂಟೆ, ಚೂರು ಹೆಚ್ಚುಕಮ್ಮಿ. ರನ್‌ವೇಯಲ್ಲಿ ಉರುಳುವ ಹೊತ್ತು ಕಳೆದರೆ ಆಕಾಶದಲ್ಲಿರುವುದು ಮುಕ್ಕಾಲು ಗಂಟೆ. ಘಟ್ಟ ದಾಟಿದ್ದೇ ಗೊತ್ತಾಗುವುದಿಲ್ಲ.

ಆದರೆ ಉಡುಪಿ ಜಿಲ್ಲೆಯವರ ಲೆಕ್ಕ ಬೇರೆ ಮಾರಾಯ್ರೆ. ನಮ್ಮಲ್ಲಿ ವಿಮಾನ ನಿಲ್ದಾಣವಿಲ್ಲ. 1951ರಲ್ಲಿ ಶುರುವಾದ ಬಜ್ಪೆಯೇ ಇವತ್ತಿಗೂ ಗತಿ. ಮಣಿಪಾಲದಿಂದ ಹತ್ತಿರ ಹತ್ತಿರ 60 ಕಿ.ಮೀ., ಒಂದೂವರೆ ಗಂಟೆ. ಕಾಪುವಿನವರು ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲು ದಾರಿ ಹಿಡಿದರೆ ಸುರತ್ಕಲ್ ಕಡೆಯ ಲಾರಿಗಳಿಂದ ಪಾರು. ಕಾರ್ಕಳದವರೂ ಬೆಳ್ಮಣ್ ಮೇಲಾಗಿ ಬಂದು ಅದೇ ದಾರಿ ಸೇರಬಹುದು. (ಕಟೀಲಲ್ಲಿ ಇಳಿದು ಕೈಮುಗಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.) ನಿಲ್ದಾಣಕ್ಕೆ ಎರಡು ಗಂಟೆ ಮೊದಲೇ ತಲುಪಬೇಕು. ಆಚೆ ಇಳಿದ ಮೇಲೆ ದೇವನಹಳ್ಳಿಯಿಂದ ಜಯನಗರಕ್ಕೆ ಇನ್ನೊಂದೂವರೆ ಗಂಟೆ, ಅದೂ ಟ್ರಾಫಿಕ್ ಕೃಪೆ ತೋರಿದರೆ. ಒಟ್ಟು ಆರು ಗಂಟೆಗೆ ಕಡಿಮೆಯಿಲ್ಲ.

ರಾತ್ರಿ ಬಸ್ಸಿಗೆ ಒಂಬತ್ತೋ ಹತ್ತೋ ಗಂಟೆ ಬೇಕು ನಿಜ. ಆದರೆ ಊರಲ್ಲೇ ಹತ್ತಿಸಿಕೊಂಡು ನಿದ್ದೆಯಲ್ಲೇ ತಲುಪಿಸುತ್ತದೆ. ದುಬೈಗೆ ಹೋಗುವವರಿಗೆ ಬಜ್ಪೆ ಸರಿ. ಬೆಂಗಳೂರಿಗಾದರೆ ನನ್ನ ಓಟು ಸ್ಲೀಪರ್ ಬಸ್ಸಿಗೇ, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯುವ ಮಳೆಗಾಲ ಒಂದನ್ನು ಬಿಟ್ಟು.